ಹನ್ನಳ ಪ್ರಾರ್ಥನೆಯೂ ನಮ್ಮ ಶ್ರಮಕಾಲವೂ



ಬೂದಿ ಬುಧವಾರದಿಂದ ಪುನರುತ್ಥಾನದ ಹಬ್ಬದ ವರೆಗೆ, ಆದಿತ್ಯವಾರಗಳನ್ನು ಬಿಟ್ಟು, 40 ದಿನಗಳನ್ನು ನಾವು ಶ್ರಮಕಾಲವೆಂದು ಆಚರಿಸುತ್ತೇವೆ. ನಮ್ಮ ಕರ್ತನು ಅಡವಿಯಲ್ಲಿ 40 ದಿನ ಉಪವಾಸವಿದ್ದದ್ದನ್ನು ಇದು ನೆನಪಿಗೆ ತರುತ್ತದೆ. ಸುಗ್ಗಿ ಮುಗಿದು ಕಣ ಬರಿದಾಗಿರುವ ಈ ದಿನಗಳಲ್ಲಿ ಸಾಯಂಕಾಲದ ಪ್ರಾರ್ಥನೆಗೆ ಜನರು ಕೂಡಿಬರುವುದು ಸುಲಭ. ಆದರೆ ಕೂಡಿಬಂದ ಮಾತ್ರಕ್ಕೆ ಪ್ರಾರ್ಥನೆಯಾಗದು. ಮಾಂಸ ಬಿಟ್ಟವರುಂಟು, ಒಪ್ಪೊತ್ತು ಉಣ್ಣುವವರುಂಟು. ಅದನ್ನು ನಾವು ಹಳಿಯುವುದಿಲ್ಲ. ಬಾಯಿ ಅನ್ನವನ್ನು ಬಿಟ್ಟು ಮನಸ್ಸು ಹಗೆಯನ್ನು ಮೆಲ್ಲುತ್ತಿದ್ದರೆ ಆ ಉಪವಾಸವನ್ನು ಏನೆನ್ನೋಣ?

ಸಮುವೇಲನ ಮೊದಲನೆಯ ಪುಸ್ತಕದ ಮೊದಲನೆಯ ಅಧ್ಯಾಯವನ್ನು ತೆರೆದು ನೋಡಿರಿ. ಎಲ್ಕಾನನ ಹೆಂಡತಿಯಾದ ಹನ್ನಳಿಗೆ ಮಕ್ಕಳಿರಲಿಲ್ಲ. ಸವತಿಯು ಅವಳನ್ನು ವರುಷ ವರುಷವೂ ಕೆಣಕಿ ಅಳಿಸುತ್ತಿದ್ದಳು. ಬಂಜೆಯೆಂಬ ಮಾತು ಎಷ್ಟು ಕೊರೆಯುತ್ತದೆಂಬುದನ್ನು ನಮ್ಮ ಹಳ್ಳಿಗಳ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶೀಲೋವಿನ ಆಲಯದಲ್ಲಿ ಅವಳು ಪ್ರಾರ್ಥಿಸುವಾಗ ತುಟಿ ಮಾತ್ರ ಅಲುಗುತ್ತಿತ್ತು, ದನಿ ಹೊರಡಲಿಲ್ಲ. ಯಾಜಕನಾದ ಏಲಿಯು ಅವಳನ್ನು ಕುಡಿದವಳೆಂದೆಣಿಸಿ ಗದರಿಸಿದನು. ದಿನದಿನವೂ ಪ್ರಾರ್ಥನೆಗಳನ್ನು ಕೇಳಿ ಪಳಗಿದವನು ನಿಜವಾದ ಪ್ರಾರ್ಥನೆಯು ಎದುರಿಗೆ ಬಂದಾಗ ಗುರುತಿಸಲಾರದೆ ಹೋದನು! ಉಪದೇಶಿಗಳಾದ ನಮ್ಮಂಥವರು ನಡುಗಿ ಓದಬೇಕಾದ ಭಾಗವಿದು. ಹನ್ನಳಾದರೋ ತನ್ನ ನೋವನ್ನು ಚಂದದ ಮಾತುಗಳಿಂದ ಮುಚ್ಚದೆ, ಇದ್ದಂತೆಯೇ ದೇವರ ಮುಂದೆ ಸುರಿದಳು. ಅವಳ ಮುಖದ ದುಗುಡ ಹೋದದ್ದು ಯಾವಾಗ? ಮಗನು ಹುಟ್ಟಿದ ಮೇಲಲ್ಲ. ಪ್ರಾರ್ಥಿಸಿ ಹೋಗಿ ಊಟಮಾಡಿದ ಆ ದಿನವೇ.

ಮನಸ್ಸು ನಿಲ್ಲುವುದಿಲ್ಲ, ಏನು ಮಾಡೋಣ ಎಂದು ಅನೇಕರು ಕೇಳುತ್ತಾರೆ. ಹಿನಕಲ್ಲಿನಂಥ ಊರಿನಲ್ಲಿ ಈ ಪ್ರಶ್ನೆ ನ್ಯಾಯವಾದದ್ದೇ. ಹುಣಸೂರು ರಸ್ತೆಯೂ ವರ್ತುಲ ರಸ್ತೆಯೂ ಕೂಡುವಲ್ಲಿ ವಾಹನಗಳ ಸದ್ದು ಅಡಗುವುದಿಲ್ಲ. ಕಣ್ಣು ಮುಚ್ಚಿದ ಕೂಡಲೆ ಮೊಬೈಲು ಕರೆಯುತ್ತದೆ. ಮೈಸೂರು ಸೀಮೆಯಲ್ಲಿ ಸುವಾರ್ತೆಯನ್ನು ಸಾರಿದ ವೆಸ್ಲಿಯನ್ ಮಿಷನ್ನು ಯಾರ ಹೆಸರನ್ನು ಹೊತ್ತಿತ್ತೋ ಆ ಜಾನ್ ವೆಸ್ಲಿಯವರ ತಾಯಿ ಸುಸಾನಾ ಅಮ್ಮನವರು (1669–1742) 19 ಮಕ್ಕಳನ್ನು ಹೆತ್ತವರು. ಮನೆಯಲ್ಲಿ ಏಕಾಂತ ಸಿಕ್ಕದಾಗ ಅಡಿಗೆಗೆ ಕಟ್ಟಿಕೊಂಡ ಬಟ್ಟೆಯನ್ನೇ ತಲೆಯ ಮೇಲೆ ಎಳೆದುಕೊಂಡು ಪ್ರಾರ್ಥಿಸುತ್ತಿದ್ದರೆಂದೂ, ಆಗ ಮಕ್ಕಳು ಅವರನ್ನು ಕದಲಿಸುತ್ತಿರಲಿಲ್ಲವೆಂದೂ ಹೇಳುತ್ತಾರೆ. ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸಬೇಕೆಂದು ಕರ್ತನು ಕಲಿಸಿದ್ದಾನೆ. ಒಂದೇ ಅಂಕಣದ ಮನೆಯಲ್ಲಿ ಕೋಣೆ ಎಲ್ಲಿಂದ ತರೋಣ ಎನ್ನಬೇಡಿರಿ. ಸಹೋದರಿಯರೇ, ನಿಮ್ಮ ಸೆರಗೇ ನಿಮ್ಮ ಬಾಗಿಲು. ಮನಸ್ಸು ಹೊರಗೆ ಓಡಿದರೆ, ಹಗ್ಗ ಬಿಚ್ಚಿಕೊಂಡ ಕರುವನ್ನು ಕೊಟ್ಟಿಗೆಗೆ ಹೊಡೆದುತರುವ ಹಾಗೆ ಸಾವಧಾನದಿಂದ ತಿರುಗಿ ತನ್ನಿರಿ. ಎಲ್ಲಿಗೆ ಓಡಿತ್ತೆಂಬುದನ್ನೂ ನೋಡಿರಿ. ಸಾಲದ ಕಡೆಗೋ? ಹಾಗಾದರೆ ಆ ಸಾಲವನ್ನೇ ದೇವರಿಗೆ ಹೇಳಿರಿ.

ಈ ಸುತ್ತಿನಲ್ಲಿ ಅದು ಹೆಚ್ಚಾಗಿ ಓಡುವ ಕಡೆ ಒಂದುಂಟು. ಅದನ್ನು ಹೇಳದೆ ಬಿಡಲಾರೆವು. ಪಟ್ಟಣವು ಬೆಳೆದು ಹೊಲಗಳು ನಿವೇಶನಗಳಾದವು. ಮೊಳ ನೆಲಕ್ಕೂ ಬೆಲೆ ಬಂತು, ಅದರ ಹಿಂದೆಯೇ ಅಣ್ಣತಮ್ಮಂದಿರಲ್ಲಿ ಭಾಗದ ವ್ಯಾಜ್ಯವೂ ಬಂತು. ತೌರಿಗೆ ಬಂದ ಹೆಣ್ಣುಮಗಳ ಕೈಯಿಂದ ರುಜು ಹಾಕಿಸಿಕೊಂಡು ಬರಿಗೈಯಲ್ಲಿ ಕಳುಹಿಸಿದ ಮನೆಗಳುಂಟು. ಉಯಿಲಿಲ್ಲದೆ ತೀರಿಹೋದ ಕ್ರೈಸ್ತನ ಆಸ್ತಿಯಲ್ಲಿ ವಿಧವೆಯ ಭಾಗ ಹೋಗಿ ಉಳಿದದ್ದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮವೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೇ ಹೇಳುತ್ತದೆ. ಸರ್ಕಾರವು ಕೊಡಿಸುವ ಪಾಲನ್ನು ದೇವಜನರು ತಡೆಹಿಡಿಯಬಹುದೇ? ಹೀಗೆ ತಡೆದವರೂ ತಡೆಯಲ್ಪಟ್ಟವರೂ ಒಂದೇ ಚಾಪೆಯ ಮೇಲೆ ಕೂತು ಕರ್ತನ ಪ್ರಾರ್ಥನೆಯನ್ನು ಹೇಳುತ್ತಾರೆ. ಅದರಲ್ಲಿ ಕ್ಷಮೆಯನ್ನು ಬೇಡುವ ಮಾತು ದೇವರಿಗೆ ನಾವು ಬರೆದುಕೊಡುವ ಕರಾರಿನಂತಿದೆ. ನಾವು ಇತರರಿಗೆ ಬಿಟ್ಟಂತೆಯೇ ನಮಗೂ ಬಿಡಬೇಕೆಂಬ ಕರಾರು. ಬಾಯಿಪಾಠದವನು ಅದನ್ನು ದಾಟಿಹೋಗುತ್ತಾನೆ. ಗಮನವಿಟ್ಟವನ ನಾಲಿಗೆ ಅಲ್ಲಿ ತಡವರಿಸುತ್ತದೆ. ತಡವರಿಸಲಿ! ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗಬೇಕೆಂದು ಕರ್ತನೇ ಅಪ್ಪಣೆಕೊಟ್ಟಿದ್ದಾನಲ್ಲವೇ? ನ್ಯಾಯವಾದ ಪಾಲನ್ನು ಕೇಳಬಾರದೆಂದು ನಾವು ಹೇಳುತ್ತಿಲ್ಲ. ಕೇಳಿರಿ, ಸಭೆಯ ಹಿರಿಯರ ಮುಂದೆಯೂ ಕೇಳಿರಿ. ಕೇಳುವವನಿಗೆ ಹಗೆ ಬೇಕಾಗಿಲ್ಲ.

ಈ ಶ್ರಮಕಾಲದ ಶುಕ್ರವಾರದ ಕೂಟಗಳಲ್ಲಿ ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳೋಣ. ಕ್ಷಮೆಯ ಮಾತು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿರೋಣ. ಆಗ ಯಾರಾದರೂ ಎದ್ದು ಹೊರಗೆ ಹೋದರೆ, ಎಲ್ಲಿಗೆಂದು ಕೇಳಬೇಡಿರಿ.