ಬಿಟ್ಟು ಬಂದವರ ಮಕ್ಕಳು

"ನಾವು ಏನೇನು ನಂಬಂಗಿಲ್ಲ ಅನ್ನೋದು ನಂಗ ಗೊತ್ತದ ಅಪ್ಪಾ. ಏನು ನಂಬ್ತೀವಿ ಅಂತ ಹೇಳು, ಬರ್ಕೋತೀನಿ."

ಬ್ರಿಟನ್ನಿನ ನಮ್ಮ ಮನೆಯಲ್ಲಿ, ಭಾನುವಾರ ರಾತ್ರಿ ಊಟದ ಮೇಜಿನ ಮೇಲೆ ಶಾಲೆಯ ಆರ್.ಇ. (ಧರ್ಮಶಿಕ್ಷಣ) ಪುಸ್ತಕ ಹರಡಿಕೊಂಡು ಕೂತ ಮಗಳು ಕೇಳಿದ ಪ್ರಶ್ನೆ ಇದು. ಮನೆಯಲ್ಲಿ ಆಚರಿಸುವ ಧರ್ಮದ ಬಗ್ಗೆ ಒಂದು ಪುಟ ಬರೆದು ಸೋಮವಾರ ಒಪ್ಪಿಸಬೇಕಿತ್ತು. ಪಕ್ಕದಲ್ಲಿ ಕೂರುವ ಹುಡುಗಿ ರಂಜಾನ್ ಬಗ್ಗೆ ಬರೆಯುತ್ತಾಳಂತೆ. ಇನ್ನೊಬ್ಬಳು ತಮ್ಮ ದೇವರಕೋಣೆಯ ಚಿತ್ರವನ್ನೇ ಬಿಡಿಸಿ ಬಣ್ಣ ತುಂಬಿದ್ದಾಳಂತೆ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿದೆ, ಪಕ್ಕದಲ್ಲಿ ಬಾಬಾಸಾಹೇಬ ಅಂಬೇಡ್ಕರರದ್ದು. ಉಪವಾಸವಿಲ್ಲ, ಮಡಿಯಿಲ್ಲ, ಹರಕೆಯಿಲ್ಲ, ಮುಹೂರ್ತ ನೋಡುವುದಿಲ್ಲ. ಮಗಳು ಇಷ್ಟನ್ನೂ ಒಂದರ ಕೆಳಗೊಂದು ಬರೆದುಕೊಂಡಿದ್ದಳು. ಪುಟದ ತುಂಬ ಬರೀ ‘ಇಲ್ಲ’ಗಳು.

ಅವಳ ವಯಸ್ಸಿನಲ್ಲಿ ನನಗೆ ಈ ಪ್ರಶ್ನೆ ಹುಟ್ಟಲೇ ಇಲ್ಲ. ಅಪ್ಪ ಏನನ್ನು ಬಿಟ್ಟರು, ಯಾಕೆ ಬಿಟ್ಟರು ಎನ್ನುವುದು ನನ್ನ ಕಣ್ಣೆದುರೇ ಇತ್ತು.

ಆಯಿ, ಅಂದರೆ ಅಪ್ಪನ ತಾಯಿ, ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯವಳು, ಮದುವೆಯಾಗಿ ಚಿತ್ತಾಪುರ ಸೀಮೆಗೆ ಬಂದವಳು. ಅವಳ ದೇವರುಗಳಿಗೆ ಲೆಕ್ಕವಿರಲಿಲ್ಲ. ಎಲ್ಲಮ್ಮ, ಮರಗಮ್ಮ, ಸನ್ನತಿಯ ಚಂದ್ರಲಾಂಬೆ, ಕಲಬುರಗಿಯ ಶರಣಬಸಪ್ಪ, ಖಾಜಾ ಬಂದೇನವಾಜ. ಮೊಹರಂ ಬಂದರೆ ಅಲಾಯಿ ಕುಣಿಯ ಮುಂದೆ ಅಡ್ಡಬೀಳುತ್ತಿದ್ದಳು. ಗುಡಿ ಬೇರೆ, ದರ್ಗಾ ಬೇರೆ ಎಂದು ಎಣಿಸದ ನಮ್ಮ ಭಾಗದ ಬಡವರ ಭಕ್ತಿಯ ಬಗ್ಗೆ ನನಗೆ ಇಂದಿಗೂ ಹೆಮ್ಮೆ. ಆದರೆ ಆ ಭಕ್ತಿಯ ಜೊತೆಗೇ ಇನ್ನೊಂದು ಬದುಕು ಹೆಣೆದುಕೊಂಡಿತ್ತು. ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಬಂದವರನ್ನೆಲ್ಲ ಕೂರಿಸಿ ಉಣಿಸುವ ಹಬ್ಬ ಅದು. ಸ್ವಂತ ಹೊಲವಿಲ್ಲದ ಆಯಿ ತಾನು ದುಡಿಯುವ ಹೊಲದ ಬದುವಿನ ಮೇಲೆ, ಉಣ್ಣುವವರಿಂದ ದೂರ, ಸೆರಗೊಡ್ಡಿ ನಿಲ್ಲುತ್ತಿದ್ದಳು. ಕೈ ತಾಗದ ಹಾಗೆ ಮೇಲಿನಿಂದ ರೊಟ್ಟಿ ಬೀಳುತ್ತಿತ್ತು. ಆ ಹೊಲದ ತೊಗರಿಯಲ್ಲಿ ಕಳೆ ತೆಗೆದವಳು ಅವಳೇ. ಸೆರಗಿನ ಗಂಟು ಬಿಚ್ಚಿ ನಮಗೆ ಹಂಚುವಾಗ ಮುಖದಲ್ಲಿ ಹಬ್ಬದ ಕಳೆಯೇ ಇರುತ್ತಿತ್ತು. "ದೇವರು ಹಂಗ ಬರ್ದಾನ" ಎನ್ನುವುದು ಅವಳಿಗೆ ಸಮಾಧಾನದ ಮಾತು. ಅಪ್ಪನಿಗೆ ಆ ಮಾತೇ ಸಹಿಸಲಾಗದ್ದು.

ಅಪ್ಪ ವಾಡಿ ಹತ್ತಿರ ಫರ್ಸಿ ಖಣಿಯಲ್ಲಿ ಕೆಲಸ ಮಾಡುತ್ತಿದ್ದರು. ನೀವೆಲ್ಲ ಅಂಗಳಕ್ಕೆ, ಅಡುಗೆಮನೆಯ ಕಟ್ಟೆಗೆ ಹಾಸಿಸಿಕೊಂಡ ಶಹಾಬಾದ್ ಕಲ್ಲು ಅದೇ. ವಾಡಿ ದೊಡ್ಡ ಜಂಕ್ಷನ್ನು. ಮುಂಬಯಿ, ಸೊಲ್ಲಾಪುರದ ಕಡೆಯಿಂದ ಬಂದ ರೈಲಿನಿಂದ ಜನ ಇಳಿಯುತ್ತಿದ್ದರು, ಜನರ ಜೊತೆ ಬಾಬಾಸಾಹೇಬರ ಮಾತೂ ಇಳಿಯಿತು. 1935ರಲ್ಲಿ ಯೇವಲೆಯಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯಲಾರೆ ಎಂದು ಸಾರಿದ ಅಂಬೇಡ್ಕರರು ಇಪ್ಪತ್ತೊಂದು ವರ್ಷ ಓದಿ, ಯೋಚಿಸಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬುದ್ಧನ ದಾರಿ ಹಿಡಿದರು. ಅಪ್ಪ ಆಗ ಹುಡುಗ. 1968ರಲ್ಲಿ ದಲಿತ ನಾಯಕ ಬಿ. ಶ್ಯಾಮಸುಂದರ್ ಅವರು ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದಾಗ ಅಪ್ಪನಿಗೆ ಕಾವೇರುವ ವಯಸ್ಸು. ಕೆಲ ವರ್ಷಗಳ ಮೇಲೆ ಬಿಳಿ ಅಂಗಿ ಹಾಕಿಕೊಂಡು, ಬಾಬಾಸಾಹೇಬರ ಇಪ್ಪತ್ತೆರಡು ಪ್ರತಿಜ್ಞೆ ಮಾಡಿ, ಬೌದ್ಧರಾಗಿ ಮನೆಗೆ ಬಂದರಂತೆ.

ಬಂದವರು ಮೊದಲು ಮಾಡಿದ ಕೆಲಸದ ಬಗ್ಗೆ ಅವ್ವ ಎಷ್ಟೋ ಸಲ ಹೇಳಿದ್ದಾಳೆ. ಜಗಲಿಯ ಮೇಲಿದ್ದ ಎಲ್ಲಮ್ಮನ ಹಿತ್ತಾಳೆ ಮುಖವನ್ನು ಅಪ್ಪ ಕೆಳಗಿಳಿಸಿದರು. ಬಿಸಾಡಲಿಲ್ಲ. ಹುಣಸೆಹಣ್ಣು ಹಚ್ಚಿ ಬೆಳಗಿ, ಹೊಸ ಖಣದ ಬಟ್ಟೆಯಲ್ಲಿ ಸುತ್ತಿ, ಆಯಿಯ ಟ್ರಂಕಿನಲ್ಲಿಟ್ಟು ಕೀಲಿಕೈ ಅವಳ ಕೈಗೇ ಕೊಟ್ಟರು. "ಇದು ನಿನ್ನ ದೇವರವ್ವಾ, ನಿನ್ನ ಹಂತೇಕ ಇರಲಿ. ನನ್ನ ಮಕ್ಕಳು ಸೆರಗೊಡ್ಡೋದು ಬ್ಯಾಡ." ಆಯಿ ಅತ್ತಳು, ನಾಲ್ಕು ದಿನ ಮಗನ ಜೊತೆ ಮಾತು ಬಿಟ್ಟಳು. ಮುಂದಿನ ಎಳ್ಳ ಅಮಾವಾಸ್ಯೆಗೆ ಹೊಲದ ಕಡೆ ಹೋಗಲಿಲ್ಲ. ಒಬ್ಬ ಮನುಷ್ಯ ಧರ್ಮವನ್ನು ಬಿಟ್ಟು ಬರುವುದು ಎಂದರೆ ನನಗೆ ಕಾಣುವುದು ಆ ಹಿತ್ತಾಳೆ ಮುಖವನ್ನು ಬೆಳಗಿದ ಕೈ. ಅದರಲ್ಲಿ ಸಿಟ್ಟೂ ಇತ್ತು, ತಾಯಿಯ ಮೇಲಿನ ಅಂತಃಕರಣವೂ ಇತ್ತು.

ಅಪ್ಪನ ಮಟ್ಟಿಗೆ ಬುದ್ಧ ನಾಗಪುರದಿಂದ ಬಂದವನು. ನಮ್ಮ ಸೀಮೆಗೆ ಅವನು ಎಂದೋ ಬಂದು ಹೋಗಿದ್ದಾನೆ ಎಂಬುದು ಊರ ಜನಕ್ಕೆಲ್ಲ ತಿಳಿದದ್ದು 1986ರಲ್ಲಿ. ಭೀಮಾ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬೆ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳು! ಅಶೋಕನ ಶಾಸನ. ಮೂರ್ತಿ ಕೂರಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಒಂದು ಮಗ್ಗುಲಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆ ಶಾಸನ. ಇನ್ನೊಂದು ಮಗ್ಗುಲಲ್ಲಿ, ಅಲ್ಲಿಯವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು. 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಇಡೀ ಮಹಾಸ್ತೂಪವೇ ಮೇಲೆ ಬಂತು. ರಾಣಿಯ ಜೊತೆ ನಿಂತ ಅಶೋಕನ ಉಬ್ಬುಶಿಲ್ಪ ಸಿಕ್ಕಿತು, ಮೇಲೆ ಅವನದೇ ಹೆಸರು ಕೊರೆದಿತ್ತು.

ಕಾಲೇಜು ರಜೆಯಲ್ಲಿ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಬಿಸಿಲಿಗೆ ಕೆತ್ತನೆಯ ಕಲ್ಲುಗಳು ಸಾಲಾಗಿ ಬಿದ್ದಿದ್ದವು. ನಾನು ಶಿಲ್ಪ ನೋಡುತ್ತಿದ್ದೆ, ಅಪ್ಪ ಕಲ್ಲು ನೋಡುತ್ತಿದ್ದರು. ಒಂದು ಒಡೆದ ಚಪ್ಪಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಂಚಿನ ಪದರಿನ ಮೇಲೆ ಹೆಬ್ಬೆರಳು ಎಳೆದು, ಗೆಣ್ಣಿನಿಂದ ಎರಡು ಸಲ ಬಾರಿಸಿ ಕಿವಿಗೊಟ್ಟರು. ಖಣಿಯಲ್ಲಿ ಒಳಗೆ ಬಿರುಕಿದೆಯೋ ಇಲ್ಲವೋ ಎಂದು ನೋಡುವುದು ಹಾಗೆಯೇ. "ಏ, ಇದು ನಮ್ಮ ಕಲ್ಲೇ ಅದ" ಎಂದರು. ಎರಡು ಸಾವಿರ ವರ್ಷದ ಹಿಂದೆ ನಮ್ಮ ಹಾಗೆಯೇ ಉಳಿ ಹಿಡಿದ ಕೈಗಳು ಬುದ್ಧನ ಕಥೆಯನ್ನು ಶಹಾಬಾದ್ ಕಲ್ಲಿನ ಮೇಲೆ ಬಿಡಿಸಿದ್ದವು. ವಾಪಸು ಬರುವಾಗ ನಾಲವಾರ ಸ್ಟೇಷನ್ನಿನವರೆಗೆ ಅಪ್ಪ ತುಟಿಪಿಟಕ್ಕೆನ್ನಲಿಲ್ಲ. ಹೊಸದಕ್ಕೆ ಹೋದೆ ಎಂದುಕೊಂಡವರು ಹಳೆಯದಕ್ಕೇ ಬಂದು ಮುಟ್ಟಿದ್ದರು.

ಸನ್ನತಿಯ ಚಪ್ಪಡಿಯಲ್ಲಿರುವ ಹನ್ನೆರಡನೆಯ ಶಾಸನ ಹೇಳುವುದೇನು? ತನ್ನ ಪಂಥದ ಮೇಲಿನ ಮೋಹದಿಂದ ಇನ್ನೊಬ್ಬರ ಪಂಥವನ್ನು ಹಳಿಯುವವನು ಕೊನೆಗೆ ಕೆಡಿಸುವುದು ತನ್ನ ಪಂಥವನ್ನೇ ಎಂದು. ನನ್ನ ಹೆಂಡತಿ ಸೇಡಂ ತಾಲ್ಲೂಕಿನವಳು. ಅವರ ಮನೆಗೆ ಹೋಗುವಾಗಲೆಲ್ಲ ಕಾಗಿಣಾ ದಂಡೆಯ ಮಳಖೇಡ ದಾಟಿ ಹೋಗುತ್ತೇವೆ. ಅಲ್ಲಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿಗೆ ಹುಟ್ಟಿದ ‘ಕವಿರಾಜಮಾರ್ಗ’ವೂ ಪರಧರ್ಮವನ್ನು ಸೈರಿಸುವ ಗುಣವನ್ನೇ ಎತ್ತಿಹಿಡಿಯುತ್ತದೆ. ನಡುವೆ ಸಾವಿರ ವರ್ಷಕ್ಕೂ ಮಿಕ್ಕಿದ ಅಂತರ, ಆದರೆ ನೆಲ ಒಂದೇ. ಅದೇ ಮಳಖೇಡದಲ್ಲಿ ಜೈನ ಬಸದಿಯಿದೆ, ಮಾಧ್ವ ಯತಿ ಟೀಕಾಚಾರ್ಯರ ವೃಂದಾವನವಿದೆ. ಕಲ್ಯಾಣದ ಶರಣರು ಗುಡಿ ಬಿಟ್ಟು ಕಾಯಕ ಹಿಡಿದ ನಾಡೂ ನಮ್ಮ ನೆರೆಯದೇ. ಸಿಮೆಂಟು, ಬಿಸಿಲು, ಗುಳೆ ಎಂದಷ್ಟೇ ಬೆಂಗಳೂರಿನವರಿಗೆ ಗೊತ್ತಿರುವ ಈ ಐದಾರು ಊರುಗಳ ನಡುವೆ ಮನುಷ್ಯರು ದಾರಿ ಬದಲಿಸುತ್ತಲೇ ಬಂದಿದ್ದಾರೆ.

ಆ ರಾತ್ರಿ ಮಗಳಿಗೆ ಇದರಲ್ಲಿ ಅರ್ಧದಷ್ಟನ್ನು ಹೇಳಿರಬೇಕು. ಆಯಿಯ ಸೆರಗಿನ ಕಥೆಗೆ ಅವಳ ಪೆನ್ನು ನಿಂತಿತು. "ಹಂಗಾದ್ರ ಎಲ್ಲಾರೂ ಒಂದೇ ಸಾಲಾಗ ಕೂತು ಉಣ್ಣಬೇಕು ಅನ್ನೋದು ನಮ್ಮ ನಂಬಿಕೆ ಏನು?" ಎಂದಳು. ಹೌದು ಎಂದೆ. ಬರೆದುಕೊಂಡಳು. ಟೀಚರ್ ಮೆಚ್ಚಿಕೊಂಡರು ಕೂಡ. ಆದರೆ ನನಗೆ ಅಲ್ಲಿಂದಲೇ ಚಿಂತೆ ಹತ್ತಿತು. ಅವಳು ಯಾವತ್ತೂ ಬದುವಿನ ಮೇಲೆ ನಿಂತವಳಲ್ಲ. ಅಪ್ಪನಿಗೆ ಬಿಡುವುದಕ್ಕೆ ಏನೋ ಇತ್ತು, ಆ ಬಿಡುಗಡೆಯೇ ಅವರಿಗೆ ಬಲ ಕೊಟ್ಟಿತು. ಇವಳಿಗೆ ಬಿಡುವುದಕ್ಕೆ ಏನೂ ಇಲ್ಲ. ನಡೆದು ಬಂದವರಿಗೆ ದಾರಿ ನೆನಪಿರುತ್ತದೆ. ಊರಿನಲ್ಲೇ ಹುಟ್ಟಿದವರಿಗೆ ಏನು ಕೊಡುವುದು?

ಮುಂದೊಂದು ಶನಿವಾರ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಮಕ್ಕಳು ಸಾಮಾನ್ಯವಾಗಿ ಮಮ್ಮಿಗಳ ಕಡೆ ಓಡುತ್ತಾರೆ. ನಾನು ಅಮರಾವತಿಯ ಶಿಲ್ಪಗಳಿರುವ ಗಾಜಿನ ಕೋಣೆಗೆ ಕರೆದೊಯ್ದೆ. 1845ರಲ್ಲಿ ವಾಲ್ಟರ್ ಎಲಿಯಟ್ ಆಂಧ್ರದ ಅಮರಾವತಿಯಲ್ಲಿ ಅಗೆಸಿ, 1859ರಲ್ಲಿ ಲಂಡನ್ನಿಗೆ ಬಂದು ಸೇರಿದ ಕಲ್ಲುಗಳು. ಕನಗನಹಳ್ಳಿಯ ಶಿಲ್ಪಗಳಿಗೆ ಒಡಹುಟ್ಟಿದವು ಎನ್ನಬೇಕು, ಅದೇ ಸುಣ್ಣದಕಲ್ಲಿನ ಜಾತಿ, ಅದೇ ಕಾಲದ ಕೈ. ಒಂದು ಚಪ್ಪಡಿಯ ಮುಂದೆ ಮಗಳು ನಿಂತಳು. ಮರದ ಕೆಳಗೆ ಒಂದು ಆಸನ, ಅದರ ಬುಡದಲ್ಲಿ ಎರಡು ಪಾದದ ಗುರುತು, ಸುತ್ತ ಕೈಮುಗಿದ ಜನ. ಆಸನ ಮಾತ್ರ ಖಾಲಿ. "ಇಲ್ಲಿ ಯಾರೂ ಕೂತೇ ಇಲ್ಲಲ್ಲ, ಇವರು ಯಾರಿಗೆ ಕೈ ಮುಗಿಲಾಕತ್ತಾರ?" ಎಂದಳು. ಮೊದಲ ಕಾಲದ ಶಿಲ್ಪಿಗಳು ಬುದ್ಧನನ್ನು ಮನುಷ್ಯರೂಪದಲ್ಲಿ ಕೆತ್ತದೆ ಪಾದ, ಚಕ್ರ, ಬೋಧಿಮರ, ಬರಿದಾದ ಆಸನದಿಂದಲೇ ತೋರಿಸುತ್ತಿದ್ದರು ಎಂದು ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ನಮ್ಮ ಮನ್ಯಾಗ ಯಾಕ ಫೋಟೋ ಇಟ್ಟೀರಿ?" ಎಂದು ಕೇಳಿದಳು.

ಮುತ್ಯಾನ, ಅಂದರೆ ನನ್ನ ಅಪ್ಪನ, ನೆನಪಿಗೆ ಎಂದೆ. ಅದು ಪೂರ್ತಿ ಉತ್ತರವಲ್ಲ. ಬರೀ ವಿಚಾರವನ್ನು ಇಟ್ಟುಕೊಂಡು ಮನೆ ನಡೆಯುವುದಿಲ್ಲ ಎಂದು ಈ ದೇಶದಲ್ಲಿ ಇಷ್ಟು ವರ್ಷ ಬದುಕಿದ ಮೇಲೆ ನನಗೆ ಅನಿಸುತ್ತಿದೆ. ಮನುಷ್ಯನಿಗೆ ಕೂಡಿ ಕೂರುವ ಒಂದು ದಿನ ಬೇಕು, ಕೂಡಿ ಉಣ್ಣುವ ಒಂದು ನೆಪ ಬೇಕು, ಕಣ್ಣು ನಿಲ್ಲುವುದಕ್ಕೆ ಗೋಡೆಯ ಮೇಲೊಂದು ಮುಖ ಬೇಕು. ವಾಡಿಯಲ್ಲಿ ಅಪ್ಪನಿಗೆ ಇವೆಲ್ಲ ಇದ್ದವು. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಮೆರವಣಿಗೆ, ನೀಲಿ ಬಾವುಟ, ಬುದ್ಧ ಪೂರ್ಣಿಮೆಯ ಪಾಯಸ, ಎದುರು ಸಿಕ್ಕವರಿಗೆಲ್ಲ ಜೈಭೀಮ್. 2009ರ ಜನವರಿಯಲ್ಲಿ ಕಲಬುರಗಿಯ ಬುದ್ಧ ವಿಹಾರವನ್ನು ರಾಷ್ಟ್ರಪತಿಗಳು ಉದ್ಘಾಟಿಸಿದ ಮೇಲಂತೂ ಅದೊಂದು ಯಾತ್ರೆಯೇ ಆಯಿತು. ಇಲ್ಲಿ ನಾವು ಮೂವರು, ಒಂದು ಫೋಟೋ.

ಇನ್ನೂ ಒಂದು ತೊಡಕಿದೆ. ಪರಂಪರೆ ಹೇಳುತ್ತದೆಂದು, ಗ್ರಂಥದಲ್ಲಿದೆಯೆಂದು, ಗುರು ಹೇಳಿದನೆಂದು ಯಾವುದನ್ನೂ ಒಪ್ಪಬೇಡಿ, ನೀವೇ ಪರೀಕ್ಷಿಸಿ ನೋಡಿ ಎಂದು ಬುದ್ಧ ಕಾಲಾಮರೆಂಬ ಜನರಿಗೆ ಹೇಳಿದ. ನಾನು ಬೆಳೆಸಿಕೊಂಡ ಜೀವನದೃಷ್ಟಿಯ ಬೇರು ಇರುವುದು ಅಲ್ಲೇ. ಹಾಗಿದ್ದ ಮೇಲೆ ‘ನಿನ್ನ ಮುತ್ಯಾ ಹಿಡಿದ ದಾರಿ, ನೀನೂ ಹಿಡಿ’ ಎಂದು ಮಗಳಿಗೆ ಹೇಳಲು ನನಗೇನು ಅಧಿಕಾರ? ಹೇಳದಿದ್ದರೆ, ಅಪ್ಪ ಅಷ್ಟು ಬೆಲೆ ತೆತ್ತು ತಂದದ್ದು ಎರಡೇ ತಲೆಮಾರಿಗೆ ಕರಗಿಹೋಗುತ್ತದಲ್ಲ ಎಂಬ ಸಂಕಟ. ಅವಳು ನಾಳೆ ಗಣಪತಿ ಕೂರಿಸುತ್ತೇನೆ ಎಂದರೂ ನಾನು ತಡೆಯಲಾರೆ. ಅವಳು ಆಯಿಯ ಸೆರಗನ್ನು ಮರೆತರೆ ಮಾತ್ರ ತಡೆದುಕೊಳ್ಳಲಾರೆ.

ಹೊರಗಿನವರು ಮರೆಯಲು ಬಿಡುತ್ತಾರೆಯೇ ಎಂಬುದೂ ಒಂದು ಪ್ರಶ್ನೆ. ಬೇರೊಂದು ಊರಿನ ಯುಗಾದಿ ಸಮಾರಂಭದಲ್ಲಿ, ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದಾಗ ಹಿರಿಯರೊಬ್ಬರು ಬಹಳ ಪ್ರೀತಿಯಿಂದ ಊರು, ಮನೆತನ ವಿಚಾರಿಸಿ, "ನಿಮ್ಮ ಮನೆದೇವರು ಯಾವುದು?" ಎಂದರು. ನಮ್ಮಲ್ಲಿ ಮನೆದೇವರಿಲ್ಲ ಎಂದೆ. ಆಮೇಲೆ ಮಾತು ಹವಾಮಾನದ ಕಡೆ ತಿರುಗಿತು. ಆ ಪ್ರಶ್ನೆ ಯಾವುದನ್ನು ಅಳೆಯುತ್ತದೆ ಎಂದು ಕೇಳಿದವರಿಗೂ ಗೊತ್ತು, ನನಗೂ ಗೊತ್ತು. ಮಗಳು ಪಕ್ಕದಲ್ಲೇ ಇದ್ದಳು, ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗದೇ ಇರಲಿ ಎಂದು ಒಂದು ಮನಸ್ಸು, ಗೊತ್ತಿರಲಿ ಎಂದು ಇನ್ನೊಂದು. ಈ ದೇಶದ ಸಂಸತ್ತು 2013ರಲ್ಲಿ ಸಮಾನತೆ ಕಾಯ್ದೆಗೆ ಜಾತಿಯನ್ನೂ ಸೇರಿಸಬೇಕೆಂದಿತು, 2018ರಲ್ಲಿ ಸರ್ಕಾರ ಸೇರಿಸುವುದಿಲ್ಲ ಎಂದಿತು. ಕಾಯ್ದೆಯಿಂದ ಆಗದ್ದು ನಮ್ಮ ಊಟದ ಪಂಕ್ತಿಯಿಂದ ಆಗಬಹುದೆಂದು ನಾನು ಇನ್ನೂ ನಂಬಿದ್ದೇನೆ. ನಮ್ಮ ಕನ್ನಡ ಸಂಘದ ಸಮಾರಂಭಗಳಲ್ಲಿ ಎಲ್ಲರ ಮಕ್ಕಳೂ ಒಂದೇ ಮೇಜಿನ ಸುತ್ತ ಉಣ್ಣುವುದನ್ನು ನೋಡುವಾಗ ನನಗಾಗುವ ಸಂತೋಷ ನಿಮ್ಮಲ್ಲಿ ಅನೇಕರಿಗೆ ಅಷ್ಟು ದೊಡ್ಡದಾಗಿ ಕಾಣಲಿಕ್ಕಿಲ್ಲ.

ಆದ್ದರಿಂದ ಸಂಘದ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ನಮ್ಮ ವಾರ್ಷಿಕ ಪಟ್ಟಿಯಲ್ಲಿ ಯುಗಾದಿಯಿದೆ, ಗಣೇಶನಿದ್ದಾನೆ, ಬಸವ ಜಯಂತಿಯಿದೆ. ಏಪ್ರಿಲ್ 14 ಯುಗಾದಿಯ ಆಸುಪಾಸಿಗೇ ಬರುತ್ತದೆ, ಅದಕ್ಕೂ ಒಂದು ಸಂಜೆ ಕೊಡಿ. ಲ್ಯಾಂಬೆತ್‌ನಲ್ಲಿ ಥೇಮ್ಸ್ ದಂಡೆಯ ಬಸವಣ್ಣನ ಪುತ್ಥಳಿಯ ಮುಂದೆ ಫೋಟೋ ತೆಗೆಸಿಕೊಂಡ ದಿನವೇ ಮಕ್ಕಳನ್ನು ಕಿಂಗ್ ಹೆನ್ರೀಸ್ ರಸ್ತೆಗೂ ಕರೆದೊಯ್ಯಿರಿ. ಅಂಬೇಡ್ಕರರು 1921-22ರಲ್ಲಿ ಓದುತ್ತ ಉಳಿದಿದ್ದ 10ನೇ ನಂಬರಿನ ಮನೆ ಅಲ್ಲಿದೆ. ಊರಿಗೆ ಹೋದಾಗ ಹಂಪಿ, ಬೇಲೂರಿನ ಜೊತೆಗೆ ಸನ್ನತಿಯನ್ನೂ ನೋಡಿ ಬನ್ನಿ. ವಾಡಿಯಲ್ಲೋ ನಾಲವಾರದಲ್ಲೋ ಇಳಿದರೆ ದೂರವಿಲ್ಲ. ಎಳ್ಳ ಅಮಾವಾಸ್ಯೆಯ ಊಟವನ್ನೂ ಸಂಘದಲ್ಲಿ ಒಮ್ಮೆ ಮಾಡೋಣ. ಸಜ್ಜಿ ರೊಟ್ಟಿ, ಭಜ್ಜಿ ನಮ್ಮ ಮನೆಯಿಂದ ಬರುತ್ತದೆ. ಎಲ್ಲರೂ ಬನ್ನಿ, ಒಂದೇ ಸಾಲಿನಲ್ಲಿ ಕೂತು ಉಣ್ಣೋಣ.