ಒಳ್ಳೆಯತನಕ್ಕೂ ಒಂದು ಉಪಾಧಿ

ಮೇಲೆ ಕೂತು ನೋಡುವ ದೇವರಿಲ್ಲ, ತಪ್ಪಿದರೆ ಹಿಡಿದು ದಂಡಿಸುವ ಅರಸನಿಲ್ಲ ಎಂದಿಟ್ಟುಕೊಳ್ಳೋಣ. ಆಗಲೂ ಮನುಷ್ಯರು ಒಬ್ಬರಿಗೊಬ್ಬರು ಒದಗುತ್ತಾರೆಯೇ? ಧರ್ಮ ತನ್ನಷ್ಟಕ್ಕೆ ತಾನು ನಿಲ್ಲಬಲ್ಲದೇ, ಇಲ್ಲವೇ ಅದನ್ನು ಯಾರಾದರೂ ಎತ್ತಿ ಹಿಡಿದಿರಬೇಕೇ? ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ತರ್ಕಸಂಗ್ರಹ ಓದಿ, ಆಮೇಲೆ ಪ್ರೋಗ್ರಾಂ ಬರೆಯುವುದನ್ನೇ ಕಸುಬು ಮಾಡಿಕೊಂಡ ನನ್ನನ್ನು ಈ ಪ್ರಶ್ನೆ ಎರಡೂ ಕಡೆಯಿಂದ ಹಿಡಿದು ನಿಲ್ಲಿಸಿದೆ. ಇದಕ್ಕೆ ಕಂಪ್ಯೂಟರಿನಲ್ಲಿ ಉತ್ತರ ಹುಡುಕುವವರಿದ್ದಾರೆ. ನೂರಾರು ಪುಟ್ಟ ಏಜೆಂಟ್‌ಗಳನ್ನು ಸೃಷ್ಟಿಸಿ, ಒಂದೊಂದಕ್ಕೂ ಒಂದೆರಡು ನಿಯಮ ಕೊಟ್ಟು, ಅವುಗಳ ಒಡನಾಟದಿಂದ ಎಂಥ ಸಮಾಜ ಹುಟ್ಟುತ್ತದೆ ಎಂದು ನೋಡುವುದು ಅವರ ದಾರಿ.

1992ರಲ್ಲಿ ಆಕ್ಸ್‌ಫರ್ಡ್‌ನ ಮಾರ್ಟಿನ್ ನೊವಾಕ್ ಮತ್ತು ರಾಬರ್ಟ್ ಮೇ ‘ನೇಚರ್’ ಪತ್ರಿಕೆಯಲ್ಲಿ ಇಂಥದೊಂದು ಲೋಕವನ್ನು ಮುಂದಿಟ್ಟರು. ಚೌಕಮನೆಗಳ ಹಾಸು, ಮನೆಗೊಬ್ಬ. ಕೆಲವರು ಸಹಕರಿಸುವವರು, ಕೆಲವರು ಕೈಕೊಡುವವರು. ಪ್ರತಿಯೊಬ್ಬನೂ ಅಕ್ಕಪಕ್ಕದವರೊಡನೆ ಆಡಿ ಅಂಕ ಗಳಿಸುತ್ತಾನೆ. ಆಮೇಲೆ ತಾನೂ ನೆರೆಯವರೂ ಸೇರಿದ ಗುಂಪಿನಲ್ಲಿ ಯಾರಿಗೆ ಹೆಚ್ಚು ಅಂಕ ಬಂದಿದೆಯೋ ಅವನ ನಡತೆಯನ್ನೇ ಹಿಡಿಯುತ್ತಾನೆ. ನೆನಪಿಲ್ಲ, ವಿವೇಕವಿಲ್ಲ, ಪಾಪಭೀತಿಯಿಲ್ಲ. ಆದರೂ ಸಹಕರಿಸುವವರು ಅಳಿಯಲಿಲ್ಲ.

ಈ ಲೋಕವನ್ನು ನಾನೂ ಬರೆದು ಓಡಿಸಿ ನೋಡಿದ್ದೇನೆ. ಎಲ್ಲೆಡೆ ಸಹಕಾರದ ನೀಲಿ, ನಟ್ಟನಡುವೆ ಒಬ್ಬನೇ ಕೈಕೊಡುವವನು, ಕೆಂಪು. ಕೆಂಪು ಹರಡುತ್ತದೆ, ಅದರ ಮಗ್ಗುಲಲ್ಲೇ ನೀಲಿ ಮತ್ತೆ ತಲೆಯೆತ್ತುತ್ತದೆ. ಆಗತಾನೇ ಕೆಟ್ಟವನು ಹಳದಿ, ಆಗತಾನೇ ತಿದ್ದಿಕೊಂಡವನು ಹಸಿರು. ಹೆಜ್ಜೆಗೊಂದು ಹೊಸ ಚಿತ್ತಾರ, ನಾಲ್ಕು ದಿಕ್ಕಿಗೂ ಕೂದಲೆಳೆಯಷ್ಟೂ ತಪ್ಪದ ಹೊಂದಿಕೆ. ನೋಡುತ್ತ ಕೂತರೆ ಒಳ್ಳೆಯತನ ಲೋಕದ ಗಣಿತದಲ್ಲೇ ಇದೆ ಎಂದು ನಂಬಿಕೆ ಬಂದುಬಿಡುತ್ತದೆ.

ಮರುವರ್ಷವೇ, 1993ರಲ್ಲಿ, ಅಮೆರಿಕದ ಬರ್ನಾರ್ಡೊ ಹ್ಯೂಬರ್‌ಮನ್ ಮತ್ತು ನಟಾಲಿ ಗ್ಲಾನ್ಸ್ ಈ ಆಟವನ್ನು ತಾವೂ ಕಟ್ಟಿದರು. ನಿಯಮ ಅವೇ. ಬದಲಿಸಿದ್ದು ಗಡಿಯಾರವೊಂದನ್ನೇ. ಕೋಡಿನಲ್ಲಿ ಇದು ಪಟ್ಟಿಗಳ ವಿಷಯ. ಹಳೆಯ ಪಟ್ಟಿಯಿಂದ ಓದಿ, ಹೊಸ ಪಟ್ಟಿಯಲ್ಲಿ ಬರೆದು, ಎಲ್ಲರದೂ ಮುಗಿದ ಮೇಲೆ ಹಳೆಯದರ ಜಾಗಕ್ಕೆ ಹೊಸದನ್ನು ತಂದರೆ ಎಲ್ಲರೂ ಒಂದೇ ಗಳಿಗೆಯಲ್ಲಿ ಬದಲಾಗುತ್ತಾರೆ. ಒಂದೇ ಪಟ್ಟಿ ಇಟ್ಟುಕೊಂಡು, ಗೊತ್ತುಗುರಿಯಿಲ್ಲದೆ ಒಬ್ಬೊಬ್ಬರನ್ನೇ ಆರಿಸಿ ತಿದ್ದುತ್ತ ಹೋದರೆ ಮುಂದಿನವನು ಹಿಂದಿನವನ ಹೊಸ ನಡತೆಯನ್ನು ಕಂಡೇ ತನ್ನದನ್ನು ತೀರ್ಮಾನಿಸುತ್ತಾನೆ. ಎರಡನೆಯ ದಾರಿ ಹಿಡಿದಾಗ ಚಿತ್ತಾರವೆಲ್ಲ ಕರಗಿ, ಕೊನೆಗೆ ಕೈಕೊಡುವವರಷ್ಟೇ ಉಳಿದರು.

ಇಲ್ಲಿ ನನ್ನ ನೆರವಿಗೆ ಬಂದದ್ದು ಪಾಠಶಾಲೆಯಲ್ಲಿ ಓದಿದ ನ್ಯಾಯಶಾಸ್ತ್ರ, ಅಂದರೆ ತರ್ಕ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ವ್ಯಾಪ್ತಿ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನುವಂತಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಬರಲು ಹಸಿ ಸೌದೆ ಬೇಕು. ಆ ಹಸಿ ಸೌದೆಯೇ ಉಪಾಧಿ. ಹೊಗೆಯಿರುವಲ್ಲೆಲ್ಲ ಅದಿರುತ್ತದೆ, ಬೆಂಕಿಯಿರುವಲ್ಲೆಲ್ಲ ಇರುವುದಿಲ್ಲ. ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು, ಕೆಡುವುದು ಇಂಥ ಅಡಗಿದ ಷರತ್ತನ್ನು ಗಮನಿಸದಿದ್ದಾಗ. ನೊವಾಕ್ ಮತ್ತು ಮೇ ಅವರ ಚಿತ್ತಾರಕ್ಕೆ ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕುವ ಗಡಿಯಾರ ಹಸಿ ಸೌದೆಯಾಗಿತ್ತು.

ಒಂದೇ ಪ್ರೋಗ್ರಾಮನ್ನು ಸಾವಿರ ಸಲ ಓಡಿಸಿದರೆ ಇದು ಗೊತ್ತಾಗುವುದಿಲ್ಲ. ಯಾದೃಚ್ಛಿಕ ಸಂಖ್ಯೆಗಳ ಬೀಜ ಬದಲಿಸಿ ಬದಲಿಸಿ ಓಡಿಸಿದರೂ ಒಲೆಯಲ್ಲಿರುವುದು ಅದೇ ಹಸಿ ಸೌದೆ. ಬರೀ ಭೂಯೋದರ್ಶನ, ಅಂದರೆ ಮತ್ತೆ ಮತ್ತೆ ಕಂಡದ್ದು, ವ್ಯಾಪ್ತಿಯನ್ನು ಖಚಿತಪಡಿಸದು ಎಂದು ಮಿಥಿಲೆಯ ಗಂಗೇಶ ತತ್ತ್ವಚಿಂತಾಮಣಿಯಲ್ಲಿ ವಾದಿಸಿದ. ನನ್ನ ಕಸುಬಿನಲ್ಲಿ ಆ ಮಾತು ಅಕ್ಷರಶಃ ನಿಜ. ಇನ್ನೊಬ್ಬರು ವಿವರಣೆಯನ್ನಷ್ಟೇ ಓದಿ, ಮೂಲ ಕೋಡನ್ನು ನೋಡದೆ, ತಮ್ಮ ಕೈಯಾರೆ ಅದೇ ಲೋಕವನ್ನು ಕಟ್ಟಬೇಕು. ಅವರ ಫಲಿತಾಂಶ ಬೇರೆ ಬಂದಾಗಲೇ ಅಡಗಿದ್ದು ಹೊರಬೀಳುವುದು.

2001ರಲ್ಲಿ ರಿಯೊಲೊ, ಕೋಹನ್ ಮತ್ತು ಆಕ್ಸೆಲ್‌ರಾಡ್ ತೋರಿಸಿದ ಲೋಕಕ್ಕೂ ಹೀಗೇ ಆಯಿತು. ಅಲ್ಲಿ ಪ್ರತಿಯೊಬ್ಬನಿಗೂ ಗುರುತಿನ ಸಂಖ್ಯೆಯೊಂದು, ಸಹನೆಯ ಅಳತೆಯೊಂದು. ಎದುರಿನವನ ಗುರುತಿಗೂ ತನ್ನದಕ್ಕೂ ಇರುವ ಅಂತರ ಸಹನೆಗಿಂತ ಕಡಿಮೆ ಅಥವಾ ಸಮ ಇದ್ದರೆ ನೆರವು ಕೊಡುತ್ತಾನೆ. ನೆರವು ವ್ಯಾಪಕವಾಗಿ ಬೆಳೆಯಿತು. ಬ್ರೂಸ್ ಎಡ್ಮಂಡ್ಸ್ ಮತ್ತು ಡೇವಿಡ್ ಹೇಲ್ಸ್ ಅದನ್ನು ಬೇರೆ ಬೇರೆಯಾಗಿ ಕಟ್ಟಿ ತಾಳೆ ನೋಡಿ, 2003ರಲ್ಲಿ ಬರೆದ ಲೇಖನದಲ್ಲಿ ಬಿಗಿಯಾಗಿ ಪರೀಕ್ಷಿಸಿದರು. ‘ಅಥವಾ ಸಮ’ ತೆಗೆದು ‘ಕಡಿಮೆ’ ಎಂದಷ್ಟೇ ಉಳಿಸಿದರೆ ನೆರವು ಕುಸಿದುಬಿದ್ದಿತು. ಕಾರಣ ಸರಳ: ಮೊದಲ ನಿಯಮದಲ್ಲಿ, ತನ್ನದೇ ಗುರುತು ಹೊತ್ತವನು ಎದುರಾದರೆ ಸಹನೆ ಸೊನ್ನೆಯಿದ್ದರೂ ಕೊಡಲೇಬೇಕು. ಉದಾರತೆ ಎಂದು ಕಂಡದ್ದರಲ್ಲಿ ನಿರಾಕರಿಸುವ ಸ್ವಾತಂತ್ರ್ಯವೇ ಇರಲಿಲ್ಲ. ನಿರಾಕರಿಸಲಾಗದವನು ಕೊಟ್ಟದ್ದು ದಾನವೇ? ಧರ್ಮಶಾಸ್ತ್ರದ ಇಷ್ಟು ದೊಡ್ಡ ಪ್ರಶ್ನೆ ಒಂದು ಸಮಚಿಹ್ನೆಯಲ್ಲಿ ಅಡಗಿ ಕೂತಿತ್ತು.

ಇಂಥ ಫಲಿತಾಂಶಗಳನ್ನು ಎರಡೂ ಪಕ್ಷದವರು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಧರ್ಮಕ್ಕೆ ದೇವರು ಬೇಕಿಲ್ಲ, ಗಣಿತ ಸಾಕು ಎನ್ನುವವರಿಗೆ ನೊವಾಕ್ ಮತ್ತು ಮೇ ಅವರ ಚಿತ್ತಾರ. ಭಯವಿಲ್ಲದ ಮನುಷ್ಯ ಕೆಡುವುದು ಖಂಡಿತ ಎನ್ನುವವರಿಗೆ ಹ್ಯೂಬರ್‌ಮನ್ ಮತ್ತು ಗ್ಲಾನ್ಸ್ ಕಂಡದ್ದು. ಇಬ್ಬರೂ ಬೆಂಕಿ ಕಂಡು ಹೊಗೆಯ ಬಗ್ಗೆ ತೀರ್ಪು ಕೊಡುತ್ತಿದ್ದಾರೆ. ಹ್ಯೂಬರ್‌ಮನ್ ಮತ್ತು ಗ್ಲಾನ್ಸ್ ಅವರಿಗೆ 1994ರಲ್ಲೇ ನೊವಾಕ್, ಬೊನ್‌ಹೋಫರ್ ಮತ್ತು ಮೇ ಉತ್ತರ ಕೊಟ್ಟಿದ್ದರು: ಒಬ್ಬೊಬ್ಬರೇ ಬದಲಾಗುವ ಲೋಕದಲ್ಲೂ, ಕೈಕೊಡುವುದರಿಂದ ಸಿಗುವ ಲಾಭ ಒಂದು ಮಿತಿಯೊಳಗಿದ್ದರೆ ಸಹಕಾರ ಬದುಕುತ್ತದೆ. ಉಪಾಧಿ ಸಿಕ್ಕಿತೆಂದು ಮಾತು ಸುಳ್ಳಾಗಲಿಲ್ಲ, ತನ್ನ ಎಲ್ಲೆಯನ್ನು ಪಡೆಯಿತು. ಹಸಿ ಸೌದೆಯ ಬೆಂಕಿಯಲ್ಲಿ ಹೊಗೆಯಿದೆ ಎಂಬುದು ನಿಜವಾದ ವ್ಯಾಪ್ತಿಯೇ.

ಬದುಕಿನಲ್ಲಿ ಎರಡು ಗಡಿಯಾರವೂ ಇವೆ. ಮತ ಹಾಕುವ ದಿನ ಪಕ್ಕದವನು ಯಾವ ಗುಂಡಿ ಒತ್ತಿದನೆಂದು ನಮಗೆ ಕಾಣುವುದಿಲ್ಲ. ಬಸ್ಸಿಗೆ ಸಾಲು ನಿಂತಾಗ ಮೊದಲು ನುಗ್ಗಿದವನನ್ನು ಕಂಡೇ ಉಳಿದವರು ನುಗ್ಗುತ್ತಾರೆ. ಆದ್ದರಿಂದ ಯಾವ ಗಡಿಯಾರ ಇಟ್ಟೆ, ಸಮ ಬಂದಾಗ ಏನು ಮಾಡಿದೆ, ಯಾರನ್ನು ಮೊದಲು ಕರೆದೆ ಎಂಬುದನ್ನೆಲ್ಲ ಬರೆದಿಡುವುದನ್ನು ನಾನು ಬರೀ ತಾಂತ್ರಿಕ ಶಿಸ್ತೆಂದು ಎಣಿಸುವುದಿಲ್ಲ. ಮನುಷ್ಯನ ಸ್ವಭಾವದ ಬಗ್ಗೆ ಮಾತಾಡುವವನಿಗೆ ಅದು ಸತ್ಯದ ವ್ರತ.

ಮೊದಲ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು: ಒಳ್ಳೆಯತನ ಷರತ್ತಿಲ್ಲದೆ ನಿಲ್ಲುತ್ತದೆಂದು ಯಾವ ಸಿಮ್ಯುಲೇಷನ್ನೂ ಸಾಧಿಸಿಲ್ಲ, ನಿಲ್ಲುವುದೇ ಇಲ್ಲವೆಂದೂ ಸಾಧಿಸಿಲ್ಲ. ನೆರೆಹೊರೆ ಚೆದುರದಿರಬೇಕು, ಮೋಸದ ಲಾಭ ಮಿತಿ ಮೀರದಿರಬೇಕು. ಈ ಉಪಾಧಿಗಳನ್ನು ದೇವರೇ ಕಾಯಲಿ ಎಂದು ಪ್ರಾರ್ಥಿಸುವವರು ಪ್ರಾರ್ಥಿಸಲಿ. ಕಾಯುವ ಕೆಲಸದಲ್ಲಿ ನಮ್ಮ ಪಾಲೂ ಇದೆ, ಅದನ್ನು ಬೇರೆಯವರ ಮೇಲೆ ಹಾಕುವಂತಿಲ್ಲ.