ಹುಳಿಗೆ ಹುಳಿಯೇ ಜೊತೆ

ಗ್ರೀಕರ ಊಟದಲ್ಲಿ ನಿಂಬೆ ಹಿಂಡದ ತಟ್ಟೆ ಅಪರೂಪ. ಸುಟ್ಟ ಮೀನಿಗೆ, ಬೇಯಿಸಿದ ಕಾಡುಸೊಪ್ಪಿಗೆ, ಮೊಟ್ಟೆ ಕದಡಿದ ಕೋಳಿಸಾರಿಗೆ, ಎಲ್ಲಕ್ಕೂ ನಿಂಬೆ. ಇಷ್ಟು ಹುಳಿಯ ಮುಂದೆ ಮೆತ್ತನೆಯ ವೈನ್ ಸಪ್ಪೆಯಾಗಿಬಿಡುತ್ತದೆ. ಅಡುಗೆಯಷ್ಟೇ ಹುಳಿ, ಬೇಕಾದರೆ ಒಂದು ಗುಲಗಂಜಿ ಹೆಚ್ಚೇ ಹುಳಿ, ವೈನಿನಲ್ಲೂ ಇದ್ದಾಗ ಎರಡರ ರುಚಿಯೂ ತೆರೆದುಕೊಳ್ಳುತ್ತದೆ. ಗ್ರೀಸ್‌ನ ಅನೇಕ ಬಿಳಿ ವೈನುಗಳಿಗೆ ಈ ಗುಣ ಹುಟ್ಟಿನಿಂದಲೇ ಬಂದಿದೆ.

ಅದರಲ್ಲೂ ಸ್ಯಾಂಟೊರಿನಿ ದ್ವೀಪದ ಅಸಿರ್ಟಿಕೊ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ಆ ದ್ವೀಪದ ನಡುಭಾಗವೇ ಕಡಲಿಗೆ ಕುಸಿಯಿತು; ಉಳಿದ ನೆಲದ ಮೇಲೆ ಬೂದಿ, ಹಗುರವಾದ ಪ್ಯೂಮಿಸ್ ಕಲ್ಲು. ಬೇಸಿಗೆಯಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಮೆಲ್ಟೆಮಿ ಎಂಬ ಗಾಳಿ ಮಾತ್ರ ಬಿಡದೆ ಬೀಸುತ್ತದೆ. ಅದಕ್ಕೇ ರೈತರು ದ್ರಾಕ್ಷಿ ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸುವುದಿಲ್ಲ. ನೆಲಕ್ಕೆ ಒರಗಿಸಿ, ಸುತ್ತಿ ಸುತ್ತಿ ಬುಟ್ಟಿಯಾಗಿ ಹೆಣೆಯುತ್ತಾರೆ. ಕುಲೂರ ಎನ್ನುತ್ತಾರೆ ಅದನ್ನು. ಗೊಂಚಲುಗಳು ಬುಟ್ಟಿಯೊಳಗೆ ಗಾಳಿ, ಬಿಸಿಲು ತಾಗದಂತೆ ಬಲಿಯುತ್ತವೆ. ರಾತ್ರಿ ಕಡಲಿನಿಂದ ಏರಿ ಬರುವ ತೇವವನ್ನು ಪ್ಯೂಮಿಸ್ ಹೀರಿಕೊಂಡು ಬೇರಿಗೆ ಒದಗಿಸುತ್ತದೆ. 19ನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ಹಾಳುಗೆಡವಿದ ಫಿಲಾಕ್ಸೆರಾ ಕೀಟಕ್ಕೆ ಈ ಮಣ್ಣಿನಲ್ಲಿ ಬದುಕಲಾಗಲಿಲ್ಲ. ಹಾಗಾಗಿ ಇಲ್ಲಿನ ಬಳ್ಳಿಗಳಿಗೆ ಕಸಿಯಿಲ್ಲ, ಸ್ವಂತ ಬೇರು. ಬುಟ್ಟಿ ಮುದಿಯಾದಾಗ ಕತ್ತರಿಸುತ್ತಾರೆ, ಅದೇ ಬೇರು ಮತ್ತೆ ಚಿಗುರುತ್ತದೆ. ಅಷ್ಟು ಬಿಸಿಲಿನಲ್ಲಿ ಮಾಗಿಯೂ ಹುಳಿ ಬಿಟ್ಟುಕೊಡದ ದ್ರಾಕ್ಷಿ ಇದು. ಕುಡಿದರೆ ನಾಲಿಗೆಯ ಮೇಲೆ ನಿಂಬೆ, ಕೊನೆಯಲ್ಲಿ ತೆಳುವಾಗಿ ಉಪ್ಪು.

ನನ್ನನ್ನು ಹೆಚ್ಚು ಸೆಳೆಯುವುದು, ಅದೇ ಬರಡು ನೆಲ ಈ ವೈನಿನ ಜೊತೆಗಿನ ಊಟವನ್ನೂ ಬೆಳೆದುಕೊಟ್ಟಿರುವುದು. ನೀರು ಸಾಲದೆ ಗೋಲಿಗಾತ್ರಕ್ಕೇ ನಿಂತು, ರುಚಿ ಗಟ್ಟಿಯಾದ ಟೊಮೆಟೊ. ಅದನ್ನು ಈರುಳ್ಳಿ, ಪುದೀನದೊಡನೆ ಕಲಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಇನ್ನೊಂದು, ಫಾವ ಎಂಬ ಹಳದಿ ಬೇಳೆ. ಸಸ್ಯಕುಲದಲ್ಲಿ ನಮ್ಮ ಕೇಸರಿ ಬೇಳೆಗೆ ಹತ್ತಿರದ ನಂಟು. ಗಟ್ಟಿ ತೊವ್ವೆಯ ಹಾಗೆ ಬೇಯಿಸಿ, ಆಲಿವ್ ಎಣ್ಣೆ ಸುರಿದು, ಹಸಿ ಈರುಳ್ಳಿ, ಉಪ್ಪಿನ ಕೇಪರ್ ಮೊಗ್ಗು ಹಾಕುತ್ತಾರೆ. ಬೇಳೆ, ಎಣ್ಣೆ ಎರಡೂ ನಾಲಿಗೆಗೆ ಅಂಟುವಂಥವು. ಒಂದು ಗುಟುಕು ಅಸಿರ್ಟಿಕೊ ಆ ಜಿಡ್ಡನ್ನು ತೊಳೆದು ಮುಂದಿನ ತುತ್ತಿಗೆ ಬಾಯಿ ಸಿದ್ಧಮಾಡುತ್ತದೆ. ಕೆಂಡದ ಮೇಲೆ ಸುಟ್ಟ ಆಕ್ಟೋಪಸ್‌ಗೂ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲವೆಂದೇ ನನ್ನ ನಂಬಿಕೆ. ಹಿಮದಷ್ಟು ತಣ್ಣಗೆ ಮಾತ್ರ ಬೇಡ, ಪರಿಮಳ ಮುದುಡಿಹೋಗುತ್ತದೆ.

ಸ್ಯಾಂಟೊರಿನಿಯಾಚೆ, ಗ್ರೀಸ್‌ನದೇ ಪೆಲೊಪೊನ್ನೀಸ್ ಪ್ರದೇಶದ ಮಂಟಿನಿಯ ಪ್ರಸ್ಥಭೂಮಿಯ ಮೊಸ್ಕೊಫಿಲೆರೊ ಗುಲಾಬಿ ಗಂಧದ ಹಗುರ ವೈನ್; ಸಲಾಡಿಗೆ, ಸೀಗಡಿಗೆ ಸಾಕು. ಪೈನ್ ಮರದ ರಾಳ ಬೆರೆತ ರೆಟ್ಸಿನಾವನ್ನು ಅನೇಕರು ಮೊದಲ ಗುಟುಕಿಗೇ ಬದಿಗಿಡುತ್ತಾರೆ. ಬರಿದೇ ಕುಡಿದು ಅದನ್ನು ಅಳೆಯಬಾರದು. ಬೆಳ್ಳುಳ್ಳಿ ಅರೆದ ಮೊಸರು, ಕರಿದ ಸಣ್ಣ ಮೀನು ಮುಂದಿರಲಿ. ಬೆಳ್ಳುಳ್ಳಿಯ ಘಾಟಿಗೆ ಬೇರೆ ವೈನುಗಳು ಸೋಲುವ ಕಡೆ ಅದು ನಿಲ್ಲುತ್ತದೆ.

ಸ್ಯಾಂಟೊರಿನಿಯಲ್ಲಿ ಈಗ ಬಳ್ಳಿಯ ನೆಲಕ್ಕೆ ಹೋಟೆಲುಗಳ ಪೈಪೋಟಿ. ಮಳೆ ಕೈಕೊಟ್ಟ ವರ್ಷ ಫಸಲು ಕುಸಿದು ಬೆಲೆ ಏರುತ್ತದೆ. ಸೂರ್ಯಾಸ್ತ ನೋಡಲು ಅಲ್ಲಿಗೆ ಹೋಗುವವರು ಸಂಜೆ ಊಟಕ್ಕೆ ಆ ದ್ವೀಪದ್ದೇ ಬೇಳೆ, ಆ ದ್ವೀಪದ್ದೇ ವೈನ್ ಬೇಕೆಂದು ಕೇಳಲಿ. ಬುಟ್ಟಿ ಹೆಣೆಯುವ ಕೈಗಳಿಗೆ ಅದರಿಂದ ನಾಲ್ಕು ಕಾಸು ಸೇರುತ್ತದೆ.